ಕೊಸರು ಕೊಡದ ಅಂಗಡಿ

ಎದುರು ಬೀದಿಯ ಅಜ್ಜಿ ಅಂದು ನಮ್ಮ ವರಾಂಡಕ್ಕೆ ಬಂದದ್ದು ಕಾಲು ಕಿಲೋ ಹುಳಿಪುಡಿಗೆ. ನನ್ನ ಮಗ ತಕ್ಕಡಿಯ ಮೇಲೆ ಕವರ್ ಇಟ್ಟು ಪುಡಿ ಸುರಿದ. ಅಂಕಿ 254 ತೋರಿಸಿತು. ಚಿಕ್ಕ ಚಮಚ ತೆಗೆದುಕೊಂಡು ನಾಲ್ಕು ಗ್ರಾಂ ವಾಪಸ್ಸು ಡಬ್ಬಕ್ಕೆ ಹಾಕಿದ. ಅಜ್ಜಿಗೆ ಮೈ ಉರಿದುಹೋಯಿತು.

"ಅಯ್ಯೋ, ಇದೇನೋ ಮರಿ, ಹಾಕಿದ್ದನ್ನ ತೆಗೀತೀಯಾ! ಒಂದು ಚಿಟಿಕೆ ಕೊಸರು ಹಾಕೋ ಬದಲು..."

"250 ಗ್ರಾಂಗೆ ದುಡ್ಡು ಕೊಟ್ಟಿದ್ದೀರಿ," ಎಂದ ಇವನು, ಅವರ ಮುಖ ನೋಡದೆ, ತಕ್ಕಡಿ ನೋಡುತ್ತ.

ಅಜ್ಜಿ ನನ್ನ ಕಡೆ ತಿರುಗಿ, "ಏನೇ, ಮಗನಿಗೆ ಕೊಸರು ಹಾಕೋದೂ ಕಲಿಸಿಲ್ಲವೇನೇ?" ಎಂದು ಕೇಳಿ, ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೂವಿನವಳೂ ಒಂದು ಗೇಣು ಹೆಚ್ಚು ಹಾಕಿ ಕೊಡುವ ಊರು ನಮ್ಮದು. ಮೊಳ ಅಳೆಯುವಾಗ ಕೈ ಸ್ವಲ್ಪ ಚಿಕ್ಕದಾಗಿರುತ್ತದೆ, ಅದು ಬೇರೆ ಮಾತು!

ಲಕ್ಷ್ಮೀಪುರಂಗೆ ನಾನು ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು. ಚಾಮರಾಜಪುರಂ ಸ್ಟೇಷನ್ನಿನಲ್ಲಿ ನಂಜನಗೂಡಿನ ಕಡೆಯ ರೈಲು ಕೂಗಿದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಮಗಳು ದೊಡ್ಡವಳು, ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ಚಿಕ್ಕವನು 1998ರಲ್ಲಿ ಹುಟ್ಟಿದ. ಅವನಿಗೆ ಆಟಿಸಂ. ಕೆಲವರು ಸ್ವಲೀನತೆ ಎನ್ನುತ್ತಾರೆ. ನಮ್ಮತ್ತೆಯವರು ಇರುವ ತನಕ "ಅವನದು ಒಂದು ಥರಾ" ಎಂದಷ್ಟೇ ಹೇಳುತ್ತಿದ್ದರು. ಎಷ್ಟೋ ಸಲ ನನಗೆ ಆ ಮಾತೇ ಹಿತವಾಗಿ ಕೇಳಿಸಿದೆ.

ನಾಲ್ಕು ವರ್ಷವಾದರೂ ಮಾತು ಬಾರದಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿನ ಶಿಶುಶಾಲೆಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯಬೇಕು. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಈ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು ಎನ್ನಬೇಕು. ತಿಲಕನಗರದಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಸರ್ಕಾರಿ ಶಾಲೆ 1901ರಷ್ಟು ಹಳೆಯದು. ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಅಂಗವಿಕಲರಿಗೆಂದೇ ಜೆ.ಎಸ್.ಎಸ್. ಪಾಲಿಟೆಕ್ನಿಕ್ 1991ರಲ್ಲಿ ಬಂತು. ದೂರದ ಊರುಗಳಿಂದ ಜನ ಕೋಣೆ ಬಾಡಿಗೆ ಹಿಡಿದು ಮಕ್ಕಳನ್ನು ಇಲ್ಲಿಗೆ ಕರೆತರುವುದನ್ನು ನಾನೇ ನೋಡಿದ್ದೇನೆ.

ಮಕ್ಕಳು ಚಿಕ್ಕವರಾಗಿರುವ ತನಕ ಓಡಾಡುವುದಕ್ಕೆ ಒಂದು ದಾರಿ ಇರುತ್ತದೆ. ಇವತ್ತು ಈ ಥೆರಪಿ, ನಾಳೆ ಆ ಶಾಲೆ. ನಮ್ಮವನು ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯನ್ನೂ ಪಾಸು ಮಾಡಿದ. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕರೆದುಕೊಂಡು ಹೋಗಲು ಎಲ್ಲೂ ಇಲ್ಲ. ಆರಡಿ ಹುಡುಗ, ಮೀಸೆ ಬಂದಿದೆ, ಮನೆಯಲ್ಲಿ ಕೂತಿದ್ದಾನೆ. ಮದುವೆ ಮನೆಗಳಲ್ಲಿ "ಮಗ ಏನು ಮಾಡ್ಕೊಂಡಿದ್ದಾನೆ?" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಹೆದರಿಯೇ ನಾನು ಎರಡು ವರ್ಷ ಎಷ್ಟೋ ಮದುವೆಗಳನ್ನು ತಪ್ಪಿಸಿಕೊಂಡೆ.

2018ರಲ್ಲಿ ಪರಿಚಯದವರೊಬ್ಬರು ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಕೊಡಿಸಿದರು. ಸಾಮಾನು ಜೋಡಿಸುವ ಕೆಲಸ. ಹತ್ತೊಂಬತ್ತು ದಿನ ಹೋದ. ಇಪ್ಪತ್ತನೆಯ ದಿನ ಕಿವಿ ಮುಚ್ಚಿಕೊಂಡು ಗೋಡೌನಿನ ಮೂಲೆಯಲ್ಲಿ ಕೂತಿದ್ದಾನೆ ಎಂದು ಫೋನು ಬಂತು. ಹೋಗಿ ಕರೆತಂದೆವು. ಆಗ ನಾನು ಅಂಗಡಿಯವರನ್ನು ಬಯ್ದುಕೊಂಡೆ. ಈಗ ಯೋಚಿಸಿದರೆ ಅವರು ಕೆಟ್ಟವರೇನಲ್ಲ, ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಅಷ್ಟೆ. ತಲೆಯ ಮೇಲೆ ದಿನವಿಡೀ ಒದರುವ ಸ್ಪೀಕರು, ಮಿಣುಕುವ ಟ್ಯೂಬ್‌ಲೈಟು. ಅದರ ಮೇಲೆ "ಇದನ್ನ ಸ್ವಲ್ಪ ಆ ಕಡೆ ಚೆನ್ನಾಗಿ ಇಟ್ಟುಬಿಡು" ಎನ್ನುವಂಥ ಅಪ್ಪಣೆಗಳು. ಸ್ವಲ್ಪ ಎಂದರೆ ಎಷ್ಟು? ಆ ಕಡೆ ಎಂದರೆ ಯಾವ ಕಡೆ? ಇವನು ನಿಂತೇ ಇರುತ್ತಿದ್ದ. ಅವರು ಸೋಮಾರಿ ಎಂದುಕೊಂಡರು. ಒಂದು ಚೀಟಿಯಲ್ಲಿ "ಮೂರನೆಯ ಕಪಾಟು, ಎರಡನೆಯ ಸಾಲು, ಹನ್ನೆರಡು ಡಬ್ಬಿ" ಎಂದು ಬರೆದುಕೊಟ್ಟಿದ್ದರೆ ಕೂದಲೆಳೆ ವ್ಯತ್ಯಾಸವಿಲ್ಲದೆ ಜೋಡಿಸುತ್ತಿದ್ದ. ಅದನ್ನು ಹೇಳಿಕೊಡುವಷ್ಟು ಬುದ್ಧಿ ನನಗೂ ಆಗ ಇರಲಿಲ್ಲ. "ಒಳ್ಳೇ ಹುಡುಗ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಕೈ ಮುಗಿದು ಬಂದಿದ್ದೆ. ಕೈ ಮುಗಿಯುವ ಬದಲು ಚೀಟಿಯ ವಿಷಯ ಹೇಳಬೇಕಿತ್ತು.

ಪುಡಿಯ ವ್ಯಾಪಾರ ಶುರುವಾದದ್ದು ನಮ್ಮತ್ತೆಯವರಿಂದ. ಅವರು ಮೆಂತ್ಯದ ಹಿಟ್ಟಿಗೆ ಬೇಳೆ ಹುರಿಯುವಾಗ ಇವನು ಪಕ್ಕದಲ್ಲೇ ಕೂತಿರುತ್ತಿದ್ದ. ಹುರಿಯುವ ಸದ್ದು ಅವನಿಗೆ ಇಷ್ಟ. ಬಣ್ಣ ತಿರುಗುವುದನ್ನು ನಮಗಿಂತ ಮೊದಲು ಅವನು ಹೇಳುತ್ತಿದ್ದ. 2019ರ ಬೇಸಿಗೆಯಲ್ಲಿ ಅತ್ತೆಗೆ ಕೈ ನಡುಕ ಬಂದು, ಅಳತೆಯನ್ನು ನಾನು ಕಲಿತುಕೊಳ್ಳಬೇಕಾಯಿತು. "ಉದ್ದಿನಬೇಳೆ ಎರಡು ಹಿಡಿ, ಮೆಂತ್ಯ ಅಂಗೈ ಗುಳಿ ತುಂಬಾ" ಎಂದರು. ಮಗ ಕೇಳಿದ: "ಯಾರ ಹಿಡಿ?" ಎಲ್ಲರೂ ನಕ್ಕೆವು. ಅವನು ನಗಲಿಲ್ಲ. ಅಜ್ಜಿಯ ಕೈಯಲ್ಲಿ ಹತ್ತು ಸಲ ಹಿಡಿ ತೆಗೆಸಿ, ಪ್ರತಿ ಸಲವೂ ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಸರಾಸರಿ ತೆಗೆದ. ಮೂರು ದಿನದಲ್ಲಿ ನಮ್ಮ ಮನೆಯ ಎಲ್ಲ ಪುಡಿಗಳೂ ಗ್ರಾಮಿನಲ್ಲಿ ಬಂದು ಕೂತವು. ಆ ವರ್ಷವೇ ದೀಪಾವಳಿಯ ಹೊತ್ತಿಗೆ ಅತ್ತೆ ಹೋದರು. ಅವರ ಕೈ ಮಾತ್ರ ಆ ಪುಸ್ತಕದಲ್ಲಿ ಉಳಿದುಕೊಂಡಿದೆ.

ಮೊದಲ ಗಿರಾಕಿಗಳು ನಮ್ಮ ನೆಂಟರೇ. "ಪಾಪ, ಪುಣ್ಯದ ಕೆಲಸ, ಎರಡು ಕಿಲೋ ಕೊಡಿ" ಎಂದು ತೆಗೆದುಕೊಂಡರು. ನಾನು ಹಿರಿಹಿರಿ ಹಿಗ್ಗಿದೆ. ಒಂದು ತಿಂಗಳಾದ ಮೇಲೆ ಹತ್ತಿರದ ನೆಂಟರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಅವರ ಮನೆ ಕೆಲಸದವಳು ಹಿತ್ತಲಲ್ಲಿ ಸಿಕ್ಕಿ, "ಅಮ್ಮಾ, ನಿಮ್ಮ ಮನೆ ಪುಡಿ ಭಾಳ ಚೆಂದ, ಒಡೀದೇ ನನಗೇ ಕೊಟ್ಟುಬಿಟ್ಟರು" ಎಂದಳು. ಅವಳಿಗೆ ರುಚಿಸಿತಲ್ಲ ಎಂದು ಸಂತೋಷಪಡಬೇಕೋ, ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಕನಿಕರಕ್ಕೆ ಕೊಂಡವರು ಎರಡನೇ ಸಲ ಬರೋಲ್ಲ ಕಣೇ" ಎಂದರು. ಮಿತಭಾಷಿಗಳು, ಆದರೆ ಅಪರೂಪಕ್ಕೆ ಆಡಿದ ಮಾತು ಸರಿಯಾಗೇ ಇರುತ್ತದೆ. ಅಂದಿನಿಂದ ಯಾರಿಗೂ ಮಗನ ಕಥೆ ಹೇಳಿ ಪುಡಿ ಮಾರುವುದನ್ನು ಬಿಟ್ಟೆ.

ಎದುರು ಬೀದಿಯ ಅಜ್ಜಿಯೂ ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ದಿನ ಬಂದು, "ಎಲ್ಲಾ ಕಡೆ ತೂಕದಲ್ಲಿ ಮೋಸ ಕಣೇ. ನಿನ್ನ ಮಗ ಕೊಸರೂ ಕೊಡೋಲ್ಲ, ಕಡಿಮೇನೂ ಕೊಡೋಲ್ಲ. ಹಾಕಪ್ಪಾ ಅರ್ಧ ಕಿಲೋ" ಎಂದರು. ಈಗ ಅವರೇ ನಾಲ್ಕು ಮನೆಯವರನ್ನು ಕಳಿಸಿದ್ದಾರೆ. 2020ರಲ್ಲಿ ಲಾಕ್‌ಡೌನ್ ಆದಾಗ ಮಕ್ಕಳು ದೂರದಲ್ಲಿರುವ ವಯಸ್ಸಾದವರ ಮನೆಗಳೇ ನಮ್ಮ ಬೀದಿಯಲ್ಲಿ ಹೆಚ್ಚು. ಬಾಗಿಲಿಗೆ ಪುಡಿ ತಲುಪಿಸುವ ಕೆಲಸ ಇವನಿಗೆ ಚೆನ್ನಾಗಿ ಒಗ್ಗಿತು. ಎಲ್ಲರೂ ದೂರ ನಿಲ್ಲಬೇಕು, ಯಾರೂ ಬೆನ್ನು ತಟ್ಟಬಾರದು, ಮಾತು ಕಡಿಮೆ. ಲೋಕವೆಲ್ಲ ಒದ್ದಾಡುತ್ತಿದ್ದಾಗ ನನ್ನ ಮಗನಿಗೆ ಮಾತ್ರ ಜಗತ್ತು ಕೊನೆಗೂ ಸರಿಯಾದ ರೀತಿಯಲ್ಲಿ ನಡೆದುಕೊಳ್ಳುತ್ತಿದೆ ಎನ್ನಿಸಿರಬೇಕು!

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ.

ವ್ಯಾಪಾರದ ದುಡ್ಡನ್ನು ನಾನು ಸಾಸಿವೆ ಡಬ್ಬಿಯ ಹಿಂದಿನ ಒಂದು ಡಬ್ಬಿಯಲ್ಲಿ ಇಡುತ್ತಿದ್ದೆ. ಹೆಂಗಸರಾದ ನಮ್ಮ ಬ್ಯಾಂಕು ಅದೇ ತಾನೆ. ಅವನಿಗೆ ವಾರಕ್ಕೆ ನೂರು ರೂಪಾಯಿ ಕೊಡುತ್ತಿದ್ದೆ, ಕೈ ಖರ್ಚಿಗೆಂದು. ಅವನಿಗೇನು ಖರ್ಚು, ಊಟ ಬಟ್ಟೆ ಎಲ್ಲಾ ನಾವೇ ನೋಡುತ್ತೇವಲ್ಲ ಎಂಬ ಧೈರ್ಯ. ಮಗಳ ಸೀಮಂತ ಬಂತು. ಸೀರೆ ತೆಗೆಯುವಾಗ ಆರು ಸಾವಿರ ಕಡಿಮೆ ಬಿತ್ತು. ಡಬ್ಬಿಯಿಂದ ತೆಗೆದೆ. ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳಬೇಕು ಎಂದು ಹೊಳೆಯಲೂ ಇಲ್ಲ.

ಅವನು ಪ್ರತಿ ರಾತ್ರಿ ಪುಸ್ತಕದಲ್ಲಿ "ಅಮ್ಮನ ಡಬ್ಬಿ" ಎಂದು ಬರೆದು ಮೊತ್ತ ಹಾಕುತ್ತಿದ್ದ. ಒಂದು ಭಾನುವಾರ ಡಬ್ಬಿ ಬಿಚ್ಚಿ ಎಣಿಸಿದ್ದಾನೆ. ಬಂದು ಕೇಳಿದ, "ಆರು ಸಾವಿರ ಎಲ್ಲಿ?" ಅಕ್ಕನ ಸೀರೆಗೆ ಎಂದೆ. ಮತ್ತೆ ಕೇಳಿದ, "ಆರು ಸಾವಿರ ಎಲ್ಲಿ?" ಕೊಟ್ಟುಬಿಡುತ್ತೇನೆ ಬಿಡೋ ಎಂದೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೇಳಿದ. ನಾನು ದೇವರ ಮುಂದೆ ಕೂತಾಗ ಕೇಳಿದ. ನೆಂಟರ ಎದುರು ಕೇಳಿದ. ಒಂಬತ್ತು ದಿನ! ಎಂಟನೆಯ ದಿನ ನಾನು ರೇಗಿ, "ಯಾರ ದುಡ್ಡೋ ಅದು? ಬೇಳೆ ತಂದದ್ದು ಯಾರು, ಗ್ಯಾಸು ಯಾರದು, ರಾತ್ರಿ ನಿನ್ನ ಸೊಟ್ಟ ಲೇಬಲ್ಲುಗಳನ್ನ ಕಿತ್ತು ನೆಟ್ಟಗೆ ಅಂಟಿಸೋಳು ಯಾರು?" ಎಂದುಬಿಟ್ಟೆ. ಲೇಬಲ್ಲಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವನು ಮಲಗಿದ ಮೇಲೆ ನಾನು ಕದ್ದು ಮಾಡುತ್ತಿದ್ದ ಕೆಲಸ ಅದು. ಅವನು ಏನೂ ಮಾತಾಡದೆ ಹೋಗಿ, ಮಾರನೆಯ ದಿನ ಹುರಿಯಲು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಕ್ಕಡಿಗೆ ಟವೆಲ್ ಮುಚ್ಚಿಟ್ಟಿದ್ದ.

ನಮ್ಮ ಬಡಾವಣೆಯಲ್ಲಿ ಒಬ್ಬರಿದ್ದಾರೆ. ಪೋಲಿಯೋದಿಂದ ಎರಡೂ ಕಾಲು ಹೋದವರು, ಮೂರು ಗಾಲಿಯ ಸೈಕಲ್ಲಿನಲ್ಲಿ ಓಡಾಡುತ್ತಾರೆ. ಹಿಂದೆ ಎಸ್.ಟಿ.ಡಿ. ಬೂತು ನಡೆಸುತ್ತಿದ್ದರು. ಆಗೆಲ್ಲ ಬೂತು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇತ್ತು, ನಿಮಗೂ ನೆನಪಿರಬಹುದು. ಹಳದಿ ಬೋರ್ಡು, ಗಾಜಿನ ಬಾಗಿಲು, ರಾತ್ರಿ ದರ ಕಡಿಮೆಯಾಗುವ ತನಕ ಹೊರಗೆ ಕಾಯುವ ಜನ. ಮೊಬೈಲು ಬಂದ ಮೇಲೆ ಬೂತು ಮುಚ್ಚಿ ಜೆರಾಕ್ಸ್ ಮಿಷನ್ ಹಾಕಿಕೊಂಡರು. ಮಗನ ಹೆಸರಿಗೆ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದರೆ ಮುಂದೆ ಸಾಲಕ್ಕೆ ಅನುಕೂಲ, ಅದಕ್ಕೆ ದುಡ್ಡೇನೂ ಕಟ್ಟಬೇಕಾಗಿಲ್ಲ ಎಂದು ಯಾರೋ ಹೇಳಿದ್ದರಿಂದ ಅವರ ಅಂಗಡಿಗೇ ಹೋದೆವು. ಸಿಟ್ಟಿನಲ್ಲಿದ್ದರೂ ಮಗ ಜೊತೆಗೆ ಬಂದ. ಕಂಪ್ಯೂಟರ್ ಎಂದರೆ ಬರುತ್ತಾನೆ.

ಅರ್ಜಿ ತುಂಬುತ್ತ ಅವರು ಕೇಳಿದರು: "ಮಾಲೀಕರು ಯಾರು?"

"ನಾನು," ಎಂದೆ ಅಭ್ಯಾಸಬಲದಿಂದ.

"ನಾನು," ಎಂದ ಮಗ, ಅದೇ ಉಸಿರಿನಲ್ಲಿ.

ಅಂಗಡಿಯವರು ಕೀಲಿಮಣೆಯಿಂದ ಕೈ ತೆಗೆದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಅಮ್ಮಾ, ನಮ್ಮ ಕಾಲದಲ್ಲಿ ಎಷ್ಟೋ ಬೂತುಗಳು ನಮ್ಮಂಥೋರ ಹೆಸರಲ್ಲಿದ್ದವು. ಒಳಗೆ ಕೂತು ದುಡ್ಡು ಎಣಿಸೋರು ಅಣ್ಣನೋ ಭಾವಮೈದುನನೋ. ನಮಗೆ ಎರಡು ಹೊತ್ತು ಊಟ, ಹಬ್ಬಕ್ಕೊಂದು ಷರಟು. ನಾನು ಜಗಳ ಆಡಿ ಗಲ್ಲಾಪೆಟ್ಟಿಗೆ ಬೀಗದ ಕೈ ಇಸ್ಕೊಂಡೆ. ಅಣ್ಣ ಆರು ತಿಂಗಳು ಮಾತು ಬಿಟ್ಟಿದ್ದ. ಹೆಸರು ಕೊಡೋದಾದರೆ ಬೀಗದ ಕೈನೂ ಕೊಡಿ. ಇಲ್ಲದೇ ಇದ್ದರೆ ನಿಮ್ಮ ಹೆಸರೇ ಹಾಕೋಣ, ಅದರಲ್ಲೇನೂ ತಪ್ಪಿಲ್ಲ."

ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಮಗನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಲ್ಲ! ಅಣ್ಣ ಭಾವಮೈದುನರ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದು ಆ ಜೆರಾಕ್ಸ್ ಅಂಗಡಿಯಲ್ಲಿ ಗೊತ್ತಾಯಿತು. ಮಾಲೀಕರ ಜಾಗದಲ್ಲಿ ಅವನ ಹೆಸರು ಹಾಕಿದರು. ಅಂಗವಿಕಲರೇ ಎಂಬ ಪ್ರಶ್ನೆಗೆ ಹೌದು ಎಂದು ಅವನೇ ಗುರುತು ಹಾಕಿದ. ಮನೆಗೆ ಬಂದು ನನ್ನ ಕಿವಿಯೋಲೆಯ ಚೀಟಿ ಹಣದಿಂದ ಆರು ಸಾವಿರ ಎಣಿಸಿ ಕೊಟ್ಟೆ. ಎರಡು ಸಲ ಎಣಿಸಿ, ಪುಸ್ತಕದಲ್ಲಿ "ಅಮ್ಮ ಸಾಲ ತೀರಿತು" ಎಂದು ಬರೆದ. ಬಡ್ಡಿ ಕೇಳಲಿಲ್ಲ ಸದ್ಯ. ಲೇಬಲ್ಲುಗಳು ಈಗ ಸೊಟ್ಟಗೇ ಇರುತ್ತವೆ. ಯಾವ ಗಿರಾಕಿಯೂ ಇದುವರೆಗೆ ಅದನ್ನು ಹೇಳಿಲ್ಲ. ಕಣ್ಣಿಗೆ ಚುಚ್ಚುವುದು ನನಗೊಬ್ಬಳಿಗೇ.

ಆಮೇಲೆ ಬ್ಯಾಂಕಿನ ಪ್ರಸಂಗ. ಅವನ ಹೆಸರಿನಲ್ಲಿ ಖಾತೆ ತೆರೆಯಲು ಹೋದರೆ ಒಂದು ಶಾಖೆಯಲ್ಲಿ, "ಇಂಥವರಿಗೆ ಗಾರ್ಡಿಯನ್ ಬೇಕಮ್ಮಾ, ಸರ್ಟಿಫಿಕೇಟ್ ತನ್ನಿ" ಎಂದು ಅವನ ಎದುರಿಗೇ ಹೇಳಿದರು. ಅವನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಸಹಿ ಮಾಡುತ್ತಾನೆ, ಲೆಕ್ಕದಲ್ಲಿ ನನ್ನನ್ನು ಹತ್ತು ಸಲ ಸೋಲಿಸುತ್ತಾನೆ. ಆದರೂ ನಾನು ಸರ್ಟಿಫಿಕೇಟ್ ತರಲು ಹೊರಟೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ವರ್ಷ ತುಂಬಿದ ಮೇಲೆ ಪೋಷಕರನ್ನು ನೇಮಿಸಲು ಅವಕಾಶವಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು. ವಾಕ್ ಶ್ರವಣ ಸಂಸ್ಥೆಯ ದಿನಗಳಿಂದ ಪರಿಚಯವಿದ್ದ ಇನ್ನೊಬ್ಬ ತಾಯಿ ನನ್ನನ್ನು ತಡೆದರು. "ನನ್ನ ಮಗಳಿಗೆ ಮಾತೇ ಇಲ್ಲ, ದುಡ್ಡಿನ ಗುರುತು ಇಲ್ಲ, ನಾನು ಪೋಷಕಿಯಾಗಲೇಬೇಕಾಯಿತು. ನಿಮ್ಮ ಹುಡುಗನಿಗೆ ಯಾಕ್ರೀ? ಒಂದು ಸಲ ಹೊಸ ಕಾಯಿದೆ ಓದಿಸಿಕೊಳ್ಳಿ" ಎಂದರು.

ಹೊಸ ಕಾಯಿದೆ ಎಂದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮುಂಚೆ 1995ರ ಕಾಯಿದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. ಇದರಲ್ಲಿ 21 ಇವೆ. ಆಟಿಸಂ, ಕಲಿಕೆಯ ತೊಡಕು ಎಲ್ಲ ಸೇರಿವೆ. ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಮೀಸಲಾತಿ ಇದೆ. ನನಗೆ ಮುಖ್ಯವಾದದ್ದು 13ನೆಯ ಕಲಮು. ಅಂಗವಿಕಲರು ಉಳಿದವರ ಹಾಗೆಯೇ ಆಸ್ತಿ ಹೊಂದಬಹುದು, ತಮ್ಮ ಹಣಕಾಸು ತಾವೇ ನೋಡಿಕೊಳ್ಳಬಹುದು, ಬ್ಯಾಂಕ್ ಸಾಲ ಪಡೆಯಬಹುದು ಎಂದು ಅದು ಹೇಳುತ್ತದೆ. ಅದರ ಮುಂದಿನ ಕಲಮಿನಲ್ಲಿ, ನೆರವು ಬೇಕೇ ಬೇಕು ಎಂದಾದರೆ ಪೋಷಕರು ಆ ವ್ಯಕ್ತಿಯ ಜೊತೆ ಸೇರಿ ತೀರ್ಮಾನ ಮಾಡಬೇಕು ಎಂದಿದೆ. ನಮ್ಮವರು ಎರಡು ಹಾಳೆ ಪ್ರಿಂಟ್ ತೆಗೆಸಿಕೊಂಡು ಇನ್ನೊಂದು ಬ್ಯಾಂಕಿಗೆ ಹೋದರು. ಅಲ್ಲಿ ಹಾಳೆ ತೋರಿಸುವ ಪ್ರಮೇಯವೇ ಬರಲಿಲ್ಲ. ಕೌಂಟರಿನ ಹುಡುಗಿ ಮಗನನ್ನೇ ನೇರವಾಗಿ, "ಚೆಕ್‌ಬುಕ್ ಬೇಕಾ ಸರ್?" ಎಂದು ಕೇಳಿದಳು. "ಬೇಕು," ಎಂದ. ಇವತ್ತಿನವರೆಗೂ ಒಂದು ಚೆಕ್ಕೂ ಹರಿದಿಲ್ಲ, ಅದು ಬೇರೆ ವಿಷಯ. ದಿನಾ ತೆಗೆದು ನೋಡಿ ಇಡುತ್ತಾನೆ.

ಇದೆಲ್ಲ ನಮ್ಮ ಮನೆಯ ಪುಟ್ಟ ಕಥೆಯಾಯಿತು. ದೊಡ್ಡದಾಗಿ ಮಾಡಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು, ತಮಗೇ ಪೋಲಿಯೋ ಆಗಿದ್ದವರು, 1959ರಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಅಲ್ಲಿ ತೋಟಗಾರಿಕೆಯನ್ನೂ ಕಲಿಸುತ್ತ ಬಂದಿದ್ದಾರೆ. ಶಾಂತಿ ರಾಘವನ್ ಎಂಬುವರು ತಮ್ಮನ ದೃಷ್ಟಿ ಹೋದಾಗ ಅವನಿಗಾಗಿ ಪಟ್ಟ ಪಾಡಿನಿಂದಲೇ 1999ರಲ್ಲಿ ಎನೇಬಲ್ ಇಂಡಿಯಾ ಶುರು ಮಾಡಿದರು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ 2017ರಲ್ಲಿ ಅಲೀನಾ ಆಲಂ ಎಂಬ ಹುಡುಗಿ ತೆರೆದ ಮಿಟ್ಟಿ ಕೆಫೆಯಲ್ಲಿ ಕಾಫಿ ಮಾಡಿಕೊಡುವವರೆಲ್ಲ ಒಂದಲ್ಲ ಒಂದು ಅಂಗವೈಕಲ್ಯ ಇರುವವರೇ. 2023ರಲ್ಲಿ ಅದೇ ಕೆಫೆ ದೆಹಲಿಯ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ಮಂಡ್ಯದ ಕೆ.ಎಸ್. ರಾಜಣ್ಣನವರು ಪೋಲಿಯೋದಿಂದ ಕೈಕಾಲು ಕಳೆದುಕೊಂಡೂ ಡಿಪ್ಲೊಮಾ ಓದಿ, ಸ್ವಂತ ಉದ್ಯಮ ನಡೆಸಿ ತಮ್ಮಂಥವರಿಗೆ ಕೆಲಸ ಕೊಟ್ಟರು, ರಾಜ್ಯದ ಅಂಗವಿಕಲರ ಆಯುಕ್ತರೂ ಆಗಿದ್ದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಟೀವಿಯಲ್ಲಿ ನೋಡಿ ನಮ್ಮ ಜೆರಾಕ್ಸ್ ಅಂಗಡಿಯವರು ಬಂದವರಿಗೆಲ್ಲ ಮೈಸೂರುಪಾಕು ಹಂಚಿದರು. ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ ಎಂಬ ತಂದೆ, ಮಗನಿಗೆ ಆಟಿಸಂ ಎಂದು ತಿಳಿದ ಮೇಲೆ, ಅಂಥವರಿಗೆಂದೇ ಒಂದು ಕಂಪ್ಯೂಟರ್ ಕಂಪನಿ ಕಟ್ಟಿದರಂತೆ. ತಪ್ಪು ಹುಡುಕುವ ಕೆಲಸದಲ್ಲಿ ಅವರಿಗೆ ಸಮಾನರಿಲ್ಲ ಎಂದು ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಅಡುಗೆಯಲ್ಲಿ ಉಪ್ಪಿನ ತಪ್ಪು ಇಂದಿಗೂ ಮೊದಲು ಹಿಡಿಯುವವನು ಇವನೇ.

ಸಹಾಯ ಮಾಡುವುದು ಎಂದರೆ ಏನು ಎಂದು ಕೆಲವು ತಾಯಂದಿರು ನನ್ನನ್ನು ಕೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಬಹಳ ಸಣ್ಣ ಸಣ್ಣ ವಿಷಯ. ಮಿಕ್ಸಿಯ ಸದ್ದು ಅವನಿಗೆ ಆಗದು. ಅದಕ್ಕೆ ಪುಡಿಯನ್ನು ನಂಜುಮಳಿಗೆಯ ಕಡೆಯ ಗಿರಣಿಯಲ್ಲಿ, ಜನ ಇಲ್ಲದ ಮಧ್ಯಾಹ್ನ ಎರಡು ಗಂಟೆಗೆ ಬೀಸಿಸುತ್ತೇವೆ. ಅವನು ಹೊರಗೆ ಕಿವಿಗೆ ಮಫ್ಲರ್ ಕಟ್ಟಿ ನಿಂತಿರುತ್ತಾನೆ. ಗಿರಣಿಯವರು ಮೊದಮೊದಲು ಗುಮಾನಿಯಿಂದ ನೋಡುತ್ತಿದ್ದರು, ಈಗ ಅವನು ಬರುವ ಹೊತ್ತಿಗೆ ಕಲ್ಲು ಒರೆಸಿಟ್ಟಿರುತ್ತಾರೆ, ಮೆಣಸಿನಕಾಯಿಯ ಘಾಟು ಉಳಿಯಬಾರದು ಎಂದು. ಫೋನಿನಲ್ಲಿ ಮಾತು ಆಗದು, ಆದ್ದರಿಂದ ಆರ್ಡರ್ ಎಲ್ಲಾ ವಾಟ್ಸಾಪಿನಲ್ಲಿ. ಗೋಡೆಯ ಮೇಲೆ ವಾರದ ಕೆಲಸದ ಹಲಗೆ ಇದೆ. ಅದನ್ನು ಬದಲಾಯಿಸಬೇಕಾದರೆ ನಾನು ಹಿಂದಿನ ದಿನವೇ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ತೊಂದರೆ ಒಂದು ಪದದಿಂದ ಬಂತು. "ನಾಳೆ." ಗಿರಾಕಿಗಳು ಸುಮ್ಮನೆ "ನಾಳೆ ಬರ್ತೀನಪ್ಪಾ" ಎಂದು ಹೋಗುತ್ತಾರೆ. ಇವನು ಮರುದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಪೊಟ್ಟಣ ಇಟ್ಟುಕೊಂಡು ವರಾಂಡದಲ್ಲೇ ಕಾಯುತ್ತಾನೆ. ಊಟಕ್ಕೂ ಏಳುವುದಿಲ್ಲ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನೇ ಏಮಾರಿಸಿದ ನಾಡು ನಮ್ಮದು, ನಾಳೆ ಎಂದರೆ ನಾಳೆಯೇ ಎಂದು ನಂಬುವ ಒಬ್ಬ ಹುಡುಗನನ್ನು ಹೇಗೆ ಕಟ್ಟಿಕೊಳ್ಳಬೇಕು? ಕೊನೆಗೆ ಅವನೇ ಒಂದು ರಟ್ಟಿನ ಮೇಲೆ ಬರೆದು ನೇತುಹಾಕಿದ: "ಬರುವ ದಿನ ಮತ್ತು ಗಂಟೆ ಹೇಳಿ. ಬರದಿದ್ದರೆ ಮೆಸೇಜ್ ಮಾಡಿ." ನನಗೆ ಸಂಕೋಚವಾಯಿತು, ಜನ ಏನೆಂದುಕೊಳ್ಳುತ್ತಾರೋ ಎಂದು. ಜನ ಏನೂ ಅಂದುಕೊಳ್ಳಲಿಲ್ಲ. ಗಂಟೆ ಹೇಳಿ, ಗಂಟೆಗೆ ಸರಿಯಾಗಿ ಬರುತ್ತಾರೆ. ನೀವೂ ಇಂಥ ಅಂಗಡಿಗೆ ಎಲ್ಲಾದರೂ ಹೋದರೆ, ದಯವಿಟ್ಟು, ಬರುವುದಿಲ್ಲವಾದರೆ ಬರುವುದಿಲ್ಲ ಎಂದೇ ಹೇಳಿಬಿಡಿ.

ಹೋದ ವರ್ಷದಿಂದ ವಾರಕ್ಕೆ ಮೂರು ದಿನ ಒಬ್ಬ ಹೆಣ್ಣುಮಗಳು ಪೊಟ್ಟಣ ಕಟ್ಟಲು ಬರುತ್ತಾಳೆ. ಕಿವಿ ಕೇಳಿಸದು, ಮಾತಿಲ್ಲ. ಇಟ್ಟುಕೊಂಡವನು ಅವನೇ, ಸಂಬಳ ನಿಗದಿ ಮಾಡಿದವನೂ ಅವನೇ. ಅವಳು ಹೆಚ್ಚು ಕೇಳಿದಳು, ಪುಸ್ತಕ ತೋರಿಸಿ ಲೆಕ್ಕ ಮಾಡಿ ಒಪ್ಪಿದ. ಇಬ್ಬರೂ ಒಂದು ಸ್ಲೇಟಿನಲ್ಲಿ ಬರೆದುಕೊಂಡು ಕೆಲಸ ಮಾಡುತ್ತಾರೆ. ಮೂರು ಗಂಟೆ ಒಂದು ಪಿಸುಮಾತೂ ಇಲ್ಲ. ಆ ಮನೆಯಲ್ಲಿ ವಿಪರೀತ ಮಾತಿನ ತೊಂದರೆ ಇರುವವಳು ನಾನೊಬ್ಬಳೇ ಎಂದು ನಮ್ಮವರು ಹಾಸ್ಯ ಮಾಡುತ್ತಾರೆ.

ಎಲ್ಲಾ ಸುಖವಾಗಿದೆ ಎಂದು ತಿಳಿಯಬೇಡಿ. ಖರ್ಚು ಕಳೆದು, ಅವಳ ಸಂಬಳ ಕೊಟ್ಟು, ತಿಂಗಳಿಗೆ ಅವನ ಕೈಯಲ್ಲಿ ಉಳಿಯುವುದು ಆರೇಳು ಸಾವಿರ. ಒಬ್ಬನೇ ಬಾಡಿಗೆ ಮನೆ ಹಿಡಿದು ಇರಲು ಅದು ಸಾಲದು. ಒಂದು ಮಳೆಗಾಲದಲ್ಲಿ ಒಂಬತ್ತು ಕಿಲೋ ಪುಡಿಗೆ ಹುಳ ಬಿತ್ತು. ಜರಡಿ ಹಿಡಿದು ಬಿಸಿಲಿಗೆ ಹಾಕೋಣ, ಮನೆಗಾದರೂ ಆದೀತು ಎಂದೆ. ಕೇಳದೆ ಅಷ್ಟನ್ನೂ ಗುಂಡಿಗೆ ಸುರಿದುಬಂದ. ಆ ತಿಂಗಳು ನಷ್ಟ. ಮೂರು ದಿನ ಗೋಡೆಗೆ ತಲೆ ಆನಿಸಿಕೊಂಡು ಕೂತಿದ್ದ, ನಾನು ಹತ್ತಿರ ಹೋಗಲಿಲ್ಲ. ಹೋದರೆ ಇನ್ನೂ ಕಷ್ಟವಾಗುತ್ತದೆ ಎಂದು ಕಲಿತಿದ್ದೇನೆ. ಕಲಿತರೂ ಅಡುಗೆಮನೆಯಲ್ಲಿ ನಿಂತು ಸುಮ್ಮನಿರುವುದು ಸುಲಭವಲ್ಲ.

ನಾವಿಲ್ಲದ ಮೇಲೆ? ರಾತ್ರಿ ದೀಪ ಆರಿಸಿದ ಮೇಲೆ ನಾನೂ ನಮ್ಮವರೂ ಇದನ್ನೇ ಮಾತಾಡುತ್ತೇವೆ. ಮಗಳು "ನಾನಿದ್ದೀನಿ" ಎನ್ನುತ್ತಾಳೆ; ಅವಳಿಗೂ ಅವಳ ಸಂಸಾರ ಇದೆ. ಈ ಸಲ ಬಾಣಂತನಕ್ಕೆ ಶಿವಮೊಗ್ಗಕ್ಕೆ ನಾವಿಬ್ಬರೂ ಹೋಗಬೇಕಾಗಿ ಬಂದಾಗ, ನಾಲ್ಕು ದಿನ ಅವನನ್ನು ಒಬ್ಬನನ್ನೇ ಬಿಟ್ಟುಹೋದೆವು. ಮೊದಲನೇ ಸಲ. ರೈಲಿನಲ್ಲಿ ನನಗೆ ನಿದ್ದೆ ಇಲ್ಲ. ಎದುರು ಬೀದಿಯ ಅಜ್ಜಿ ದಿನಾ ಸಂಜೆ ಯಾವುದಾದರೂ ನೆಪ ಮಾಡಿಕೊಂಡು ಬಂದು ನೋಡಿ ಹೋಗುತ್ತಿದ್ದರಂತೆ. ನಾಲ್ಕು ದಿನವೂ ಅನ್ನ, ಮೊಸರು, ಮೆಂತ್ಯದ ಹಿಟ್ಟು ಉಂಡಿದ್ದಾನೆ. ವ್ಯಾಪಾರ 2,140 ರೂಪಾಯಿ. ಅಜ್ಜಿ ಒಂದೇ ವಾರದಲ್ಲಿ ಒಂದೂವರೆ ಕಿಲೋ ಪುಡಿ ಕೊಂಡಿದ್ದರು, ಪಾಪ, ಬರುವುದಕ್ಕೆ ನೆಪ ಬೇಕಲ್ಲ!

ಇದನ್ನು ಬರೆಯುವ ಮುಂಚೆ ಅವನ ಒಪ್ಪಿಗೆ ಕೇಳಿದೆ. ಹೆಸರು ಹಾಕಬಾರದು, ಅಂಗಡಿಯ ಹೆಸರೂ ಬೇಡ, ಈಗಿರುವ ಆರ್ಡರೇ ಸಾಕು ಎಂದ. ಆರು ಸಾವಿರದ ವಿಷಯ ಬರೆಯಲೇ ಎಂದೆ. "ಬರಿ. ತೀರಿತು ಅಂತಾನೂ ಬರಿ." ಓದುವವರು ಅಡುಗೆ ಕೇಳುತ್ತಾರೆ, ಹುಳಿಪುಡಿಯ ಅಳತೆ ಕೊಡಲೇ ಎಂದು ಕೇಳಿದ್ದಕ್ಕೆ ತುಂಬಾ ಹೊತ್ತು ಯೋಚಿಸಿ, "ಹುಳಿಪುಡಿ ಬೇಡ, ಅದು ಜಾಸ್ತಿ ಮಾರುತ್ತೆ. ಮೆಂತ್ಯದ ಹಿಟ್ಟು ಕೊಡು" ಎಂದು ತಾನೇ ಪುಸ್ತಕ ತಂದು ಹೇಳಿ ಬರೆಸಿದ.

ಕಡಲೆಬೇಳೆ 200 ಗ್ರಾಂ, ಉದ್ದಿನಬೇಳೆ 100, ಹೆಸರುಬೇಳೆ, ಅಕ್ಕಿ ಮತ್ತು ಗೋಧಿ ತಲಾ 50, ಧನಿಯಾ 25, ಮೆಂತ್ಯ 20, ಜೀರಿಗೆ 10, ಬ್ಯಾಡಗಿ ಮೆಣಸಿನಕಾಯಿ 10, ಅರಿಶಿನ 3, ಚೂರು ಇಂಗು. ಎಣ್ಣೆ ಹಾಕದೆ ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಎಲ್ಲಾ ಒಟ್ಟಿಗೆ ಸುರಿದರೆ ಜೀರಿಗೆ ಸೀದು ಕಡಲೆಬೇಳೆ ಹಸಿಯಾಗಿ ಉಳಿಯುತ್ತದೆ. ಮೆಂತ್ಯ ಕೆಂಪಾದ ಕೂಡಲೇ ಇಳಿಸಿ, ಕಪ್ಪಾದರೆ ಕಹಿ. ಪೂರ್ತಿ ಆರಿದ ಮೇಲೆ ಅರಿಶಿನ, ಇಂಗು ಸೇರಿಸಿ ನುಣ್ಣಗೆ ಬೀಸಿಸಿ, ಜರಡಿ ಹಿಡಿದು, ತೇವವಿಲ್ಲದ ಡಬ್ಬಿಯಲ್ಲಿಡಿ. ಗಟ್ಟಿ ಮೊಸರಿಗೆ ಎರಡು ಚಮಚ ಕಲಸಿ, ಉಪ್ಪು ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಆಯಿತು. ಚಮಚ ಎಂದರೆ ಯಾವ ಚಮಚ ಎಂದು ಅವನು ಪಕ್ಕದಲ್ಲೇ ನಿಂತು ಕೇಳುತ್ತಿದ್ದಾನೆ. 12 ಗ್ರಾಂ ಎಂದು ಬರೆಯಬೇಕಂತೆ.